26 ಇಂಚಿನ ಚಕ್ರ ಮಕ್ಕಳಿಗೆ ಮರಳಿದ ಬಗೆ

ನಮ್ಮಲ್ಲಿ ನಡುವಯಸ್ಸು ದಾಟಿದ ಬಹಳ ಮಂದಿ ಸೈಕಲ್ ಕಲಿತದ್ದು ಒಳಪೆಡಲಿನಲ್ಲಿ. ಅಪ್ಪನದೋ ಬಾಡಿಗೆ ಅಂಗಡಿಯದೋ ಆದ, 28 ಇಂಚಿನ ಚಕ್ರದ ಕರಿಯ ಸೈಕಲ್ಲು. ಸೀಟಿನ ಮೇಲೆ ಕೂತರೆ ಕಾಲು ಪೆಡಲಿಗೆ ಎಟುಕದು. ನಿಂತರೆ ಅಡ್ಡಪಟ್ಟಿ ಎದೆಗೆ ತಾಗುತ್ತದೆ. ಆದ್ದರಿಂದ ಪಟ್ಟಿಯ ಕೆಳಗಿನ ತ್ರಿಕೋನದೊಳಗೆ ಬಲಗಾಲು ತೂರಿಸಿ, ಮೈಯನ್ನು ಒಂದು ಕಡೆಗೂ ಸೈಕಲ್ಲನ್ನು ಇನ್ನೊಂದು ಕಡೆಗೂ ವಾಲಿಸಿ, ಅರ್ಧರ್ಧ ಸುತ್ತು ತುಳಿಯುತ್ತ ಸಾಗಬೇಕು. ಹಿಂದಿ ಸೀಮೆಯ ನಮ್ಮ ನೆರೆಹೊರೆಯವರು ಇದನ್ನೇ 'ಕೈಂಚಿ' ಎನ್ನುತ್ತಾರೆ. ಇಂದು ಅದನ್ನು ನೆನೆದು ನಗುತ್ತೇವೆ, ಒಂದಿಷ್ಟು ಹೆಮ್ಮೆಯನ್ನೂ ಪಡುತ್ತೇವೆ. ಆದರೆ ಆ ಭಂಗಿಯಲ್ಲಿ ಒಂದು ಐತಿಹಾಸಿಕ ಸತ್ಯ ಅಡಗಿದೆ. ಯಂತ್ರವು ಮಗುವಿನ ಅಳತೆಗೆ ಬಂದಿರಲಿಲ್ಲ. ಮಗುವೇ ತನ್ನ ಮೈಯನ್ನು ಯಂತ್ರದ ಅಳತೆಗೆ ಬಗ್ಗಿಸಿಕೊಂಡಿತ್ತು.

ಬೆಳೆಯುವ ಮಗುವಿಗೆ ಹಗುರವಾದ, ಸಣ್ಣ ಚೌಕಟ್ಟಿನ ಮೌಂಟನ್ ಬೈಕೊಂದನ್ನು ಆರಿಸುವುದು ಇಂದು ಕೇವಲ ಅಂಗಡಿಯ ವ್ಯವಹಾರವೆಂದು ತೋರಬಹುದು. ಆದರೆ ಅಂಥದೊಂದು ಸೈಕಲ್ಲು ಮಾರುಕಟ್ಟೆಯಲ್ಲಿ ದೊರೆಯುವಂತಾಗಲು ಮುಕ್ಕಾಲು ಶತಮಾನದಷ್ಟು ಕಾಲ ಹಿಡಿಯಿತು. ಈ ಚರಿತ್ರೆಯ ವೈಚಿತ್ರ್ಯವೆಂದರೆ, ಮೌಂಟನ್ ಬೈಕಿನ ಮೂಲವೇ ಮಕ್ಕಳ ಸೈಕಲ್ಲು. ಮಕ್ಕಳಿಂದ ದೊಡ್ಡವರು ಅದನ್ನು ಪಡೆದರು, ಹಗುರಗೊಳಿಸಿದರು, ಬಹುಕಾಲ ತಮ್ಮಲ್ಲೇ ಇಟ್ಟುಕೊಂಡರು. ಕೊನೆಗೆ ತಮಗೆ ಬೇಡವಾದಾಗ ಅದರ ಚಕ್ರ ಮಕ್ಕಳ ಬಳಿಗೆ ಮರಳಿತು.

ಕಥೆ ಆರಂಭವಾಗುವುದು ಷಿಕಾಗೋ ನಗರದಲ್ಲಿ, 1933ರಲ್ಲಿ. ಅಮೆರಿಕದ ವಯಸ್ಕರು ಆ ವೇಳೆಗಾಗಲೇ ಸೈಕಲ್ ಬಿಟ್ಟು ಮೋಟಾರು ಕಾರು ಹತ್ತಿದ್ದರು. ಮಹಾ ಆರ್ಥಿಕ ಕುಸಿತದ ದಿನಗಳು. ಸೈಕಲ್ ಉದ್ಯಮ ಬದುಕಬೇಕಾದರೆ ಉಳಿದ ಗಿರಾಕಿಗಳು ಮಕ್ಕಳು ಮಾತ್ರ. ಷ್ವಿನ್ ಕಂಪನಿಯ ಫ್ರ್ಯಾಂಕ್ ಷ್ವಿನ್ ಆ ವರ್ಷ 26 ಇಂಚು ವ್ಯಾಸದ, ಎರಡು ಇಂಚಿಗೂ ಮಿಗಿಲಾದ ಅಗಲದ 'ಬಲೂನ್' ಟೈರಿನ ಸೈಕಲ್ಲನ್ನು ಹೊರತಂದರು. ದಪ್ಪ ಟೈರು ಕೆಟ್ಟ ರಸ್ತೆಯ ಕುಲುಕಾಟವನ್ನು ನುಂಗುತ್ತಿತ್ತು. ಹುಡುಗರ ಒರಟು ಬಳಕೆಯನ್ನು ತಾಳಿಕೊಳ್ಳುತ್ತಿತ್ತು. ಅಷ್ಟರಮಟ್ಟಿಗೆ ಅದು ಒಳ್ಳೆಯ ಎಂಜಿನಿಯರಿಂಗ್. ಆದರೆ ಅಮೆರಿಕದ ಕಂಪನಿಗಳು ಇಂಥ ಸೈಕಲ್ಲುಗಳಿಗೆ ಮೋಟಾರ್‌ಸೈಕಲ್ಲಿನ ವೇಷವನ್ನೂ ತೊಡಿಸಿದವು. ಪೆಟ್ರೋಲೇ ಇಲ್ಲದ ಹುಸಿ ಟ್ಯಾಂಕು, ಭಾರಿ ಮಡ್‌ಗಾರ್ಡು, ಕ್ರೋಮಿನ ಅಲಂಕಾರ. ತೂಕ 20 ಕಿಲೋ ಮುಟ್ಟಿದರೂ ಚಿಂತೆಯಿಲ್ಲ. ಹುಡುಗನಿಗೆ ತಾನು ದೊಡ್ಡವನೆಂದು ಅನಿಸಿದರೆ ಸಾಕು.

ಮಕ್ಕಳ ಸೈಕಲ್ಲಿನ ಚರಿತ್ರೆಯನ್ನು ಬಹುಕಾಲ ಆಳಿದ ತತ್ತ್ವವೇ ಇದು: ಅದು ಯಾರಿಗೆ ಹೊಂದುತ್ತದೆ ಎಂಬುದಕ್ಕಿಂತ ಯಾವುದರಂತೆ ಕಾಣುತ್ತದೆ ಎಂಬುದು ಮುಖ್ಯ. ಮೂವತ್ತು ವರ್ಷಗಳ ಬಳಿಕ, 1963ರಲ್ಲಿ, ಅದೇ ಕಂಪನಿಯ 'ಸ್ಟಿಂಗ್ ರೇ' ಬಂದಾಗಲೂ ಅದಕ್ಕೆ ಮೋಟಾರ್‌ಸೈಕಲ್ಲಿನಂಥ ಎತ್ತರದ ಹ್ಯಾಂಡಲ್ಲು, ಬಾಳೆಹಣ್ಣಿನಾಕಾರದ ಉದ್ದನೆಯ ಸೀಟು. ಬ್ರಿಟನ್ನಿನಲ್ಲಿ 1970ರಲ್ಲಿ ಮಾರಾಟಕ್ಕೆ ಬಂದ ರ‍್ಯಾಲೆ ಕಂಪನಿಯ 'ಚಾಪರ್' ಕೂಡ ಅದೇ ಜಾಡಿನದು.

ಮಕ್ಕಳು ಮಾತ್ರ ಬೇರೆಯದೇ ತೀರ್ಮಾನಕ್ಕೆ ಬಂದಿದ್ದರು. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ತಮ್ಮ 20 ಇಂಚಿನ ಸೈಕಲ್ಲುಗಳಿಂದ ಅನಗತ್ಯವಾದುದನ್ನೆಲ್ಲ ಕಳಚಿ ಎಸೆದು, ಮಣ್ಣಿನ ದಿಬ್ಬಗಳ ಮೇಲೆ ಸ್ಪರ್ಧೆಗಿಳಿದರು. 1971ರಲ್ಲಿ ತೆರೆಕಂಡ 'ಆನ್ ಎನಿ ಸಂಡೇ' ಎಂಬ ಸಾಕ್ಷ್ಯಚಿತ್ರ ಈ ಹುಡುಗರನ್ನು ತೋರಿಸಿದ ಮೇಲೆ ಆ ಆಟ ಬಿಎಂಎಕ್ಸ್ ಎಂಬ ಹೆಸರಿನಲ್ಲಿ ದೇಶವಿಡೀ ಹರಡಿತು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸನ್ನೂ ಮುಟ್ಟಿತು. ಹಗುರವೇ ಸುಖ ಎಂಬುದನ್ನು ದೊಡ್ಡವರು ಹೇಳಿಕೊಡುವ ಮುನ್ನವೇ ಮಕ್ಕಳು ಕಂಡುಕೊಂಡಿದ್ದರು.

ಇದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಉತ್ತರದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋಗೆ ಸಮೀಪದ ಮರಿನ್ ಕೌಂಟಿಯಲ್ಲಿ, ಇನ್ನೊಂದು ಕಳಚಾಟ ನಡೆದಿತ್ತು. ಅಲ್ಲಿನ ಟ್ಯಾಮಲ್‌ಪೈಸ್ ಪರ್ವತದ ಇಳಿಜಾರುಗಳಲ್ಲಿ ಸಾಹಸ ಮಾಡಬಯಸಿದ ತರುಣರಿಗೆ ರೇಸಿಂಗ್ ಸೈಕಲ್ಲಿನ ತೆಳು ಟೈರು ಕೆಲಸಕ್ಕೆ ಬರಲಿಲ್ಲ. ಅವರು ಗುಜರಿಗಳಲ್ಲೂ ಹಳೆಯ ಶೆಡ್ಡುಗಳಲ್ಲೂ ಹುಡುಕಿ ತಂದದ್ದು ಹಿಂದಿನ ತಲೆಮಾರಿನ ಹುಡುಗರು ಓಡಿಸಿ ಬಿಟ್ಟಿದ್ದ ಬಲೂನ್ ಟೈರಿನ ಷ್ವಿನ್‌ಗಳನ್ನು. ಹುಸಿ ಟ್ಯಾಂಕು, ಮಡ್‌ಗಾರ್ಡುಗಳನ್ನು ಕಿತ್ತು ಹಾಕಿದರು. ಉಳಿದದ್ದಕ್ಕೆ 'ಕ್ಲಂಕರ್' ಎಂದು ಹೆಸರಿಟ್ಟರು. 1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ 'ರೀಪ್ಯಾಕ್' ಸ್ಪರ್ಧೆ ನಡೆಯಿತು. ಎರಡು ಮೈಲಿಯಷ್ಟು ದಾರಿಯಲ್ಲಿ ಸುಮಾರು 1300 ಅಡಿ ಇಳಿತ. ಕೆಳಗೆ ತಲುಪುವಷ್ಟರಲ್ಲಿ ಹಿಂಬದಿ ಹಬ್ಬಿನ ಬ್ರೇಕು ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಓಟದ ನಂತರ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಸ್ಪರ್ಧೆಯ ಹೆಸರು ಅಲ್ಲಿಂದ ಬಂದದ್ದು.

ಹಳೆಯ ಚೌಕಟ್ಟುಗಳು ಈ ಹೊಡೆತಕ್ಕೆ ಮುರಿಯತೊಡಗಿದಾಗ ಜೋ ಬ್ರೀಜ್ 1977ರಲ್ಲಿ ಕ್ರೋಮ್-ಮಾಲಿಬ್ಡಿನಂ ಉಕ್ಕಿನ ಕೊಳವೆಗಳಿಂದ ಹೊಸ ಚೌಕಟ್ಟನ್ನೇ ನಿರ್ಮಿಸಿದರು. ಆ ಮೊದಲ 'ಬ್ರೀಜರ್' ಇಂದು ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ, ಟಾಮ್ ರಿಚೀ ನಿರ್ಮಿಸಿದ ಚೌಕಟ್ಟುಗಳನ್ನು 'ಮೌಂಟನ್‌ಬೈಕ್ಸ್' ಎಂಬ ಹೆಸರಿನಲ್ಲಿ ಮಾರತೊಡಗಿದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ 'ಸ್ಟಂಪ್‌ಜಂಪರ್' ಬಂದು, ಕೈಕಸುಬಾಗಿದ್ದುದು ಉದ್ಯಮವಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಅದು ಪದಕದ ಕ್ರೀಡೆಯೂ ಆಗಿತ್ತು. ಉಕ್ಕಿನಿಂದ ಅಲ್ಯೂಮಿನಿಯಂಗೆ, ಅಲ್ಲಿಂದ ಕಾರ್ಬನ್ ನಾರಿಗೆ ಸಾಗಿದ ಈ ಹಾದಿಯಲ್ಲಿ ಬದಲಾಗದೆ ಉಳಿದದ್ದು ಒಂದೇ: ಷಿಕಾಗೋದ ಹುಡುಗರಿಗೆಂದು ಗೊತ್ತಾದ 26 ಇಂಚಿನ ಚಕ್ರ.

ಆದರೆ ಸೈಕಲ್ಲು ಹಗುರವಾದದ್ದು ದೊಡ್ಡವರಿಗೆ. ಮಕ್ಕಳ ಪಾಲಿಗೆ ಬಂದದ್ದು ಮತ್ತೆ ವೇಷವೇ. ತೊಂಬತ್ತರ ದಶಕದಿಂದೀಚೆಗೆ ಅಗ್ಗದ ಮಕ್ಕಳ ಮೌಂಟನ್ ಬೈಕುಗಳಲ್ಲಿ ಮುಂದೊಂದು, ಹಿಂದೊಂದು ಸ್ಪ್ರಿಂಗು ಕಾಣಿಸಿಕೊಂಡವು. 1933ರ ಹುಸಿ ಟ್ಯಾಂಕಿನ ಜಾಗಕ್ಕೆ ಬಂದದ್ದು ಈ ಸ್ಪ್ರಿಂಗು. 25 ಕಿಲೋ ತೂಗುವ ಮಗು ಕೂತರೆ ಅದು ಅಲುಗುವುದೇ ಕಡಿಮೆ. ಆದರೆ ಮುಂದಿನ ಫೋರ್ಕೊಂದೇ ಎರಡು ಕಿಲೋ ಮೀರುತ್ತದೆ. ಹೀಗೆ ಎಂಟು ವರ್ಷದ ಮಗುವಿನ ಸೈಕಲ್ಲು 14 ಕಿಲೋ ತೂಗುವುದು ಸಾಮಾನ್ಯವಾಯಿತು. ಸಣ್ಣ ಲೆಕ್ಕವೊಂದನ್ನು ಮಾಡಿ ನೋಡೋಣ. 25 ಕಿಲೋ ಮೈತೂಕದ ಮಗುವಿಗೆ 14 ಕಿಲೋ ಸೈಕಲ್ಲೆಂದರೆ, 70 ಕಿಲೋ ತೂಗುವ ತಂದೆಗೆ 39 ಕಿಲೋ ಸೈಕಲ್ಲು. ಅದನ್ನು ಏರಿನಲ್ಲಿ ತುಳಿಯಿರಿ, ಮೆಟ್ಟಿಲು ಹತ್ತಿಸಿರಿ ಎಂದರೆ ಯಾವ ತಂದೆ ಒಪ್ಪಿಯಾನು? ಹಾಗಿದ್ದೂ ಮಗು ಏರಿನಲ್ಲಿ ಇಳಿದು ತಳ್ಳಿದರೆ ಅದನ್ನು ಸೋಮಾರಿತನವೆಂದು ಭಾವಿಸಿದೆವು.

ಭಾರದಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಚೌಕಟ್ಟಿನ ಅಳತೆ. ಸಣ್ಣ ಮೈಯೆಂದರೆ ಕುಗ್ಗಿಸಿದ ದೊಡ್ಡ ಮೈಯಲ್ಲ ಎಂಬುದನ್ನು ಉದ್ಯಮಕ್ಕೆ ಮನಗಾಣಿಸಿದವರಲ್ಲಿ ಅಮೆರಿಕದ ಎಂಜಿನಿಯರ್ ಜಾರ್ಜಿನಾ ಟೆರ‍್ರಿ ಮುಖ್ಯರು. 1985ರಲ್ಲಿ ಅವರು ಕಂಪನಿಯನ್ನು ಆರಂಭಿಸಿದ್ದು ಹೆಂಗಸರಿಗಾಗಿ. ಗಿಡ್ಡನೆಯ ಸವಾರರಿಗಾಗಿ ಮುಂದೆ 24 ಇಂಚಿನ ಚಕ್ರವಿಟ್ಟು ಚೌಕಟ್ಟನ್ನು ಮೊದಲಿನಿಂದಲೇ ಮರುರೂಪಿಸಿದರು. ಮಕ್ಕಳ ವಿಷಯದಲ್ಲಿ ಅಂಥ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳಿದವರು ಬ್ರಿಟನ್ನಿನ ಐಲಾ ರೌನ್‌ಟ್ರೀ. ಸ್ವತಃ ಸೈಕ್ಲೋಕ್ರಾಸ್ ಚಾಂಪಿಯನ್ ಆಗಿದ್ದ ಅವರು 2006ರಲ್ಲಿ 'ಐಲಾಬೈಕ್ಸ್' ಸ್ಥಾಪಿಸಿದರು. ಮಗುವಿನ ಬೆರಳು ಬ್ರೇಕಿನ ಹಿಡಿಗೆ ಎಟುಕುತ್ತದೆಯೇ? ಪೆಡಲಿನ ದಂಡೆ ಅದರ ಕಾಲಿನ ಉದ್ದಕ್ಕೆ ತಕ್ಕುದಾಗಿದೆಯೇ? ಎರಡು ಪೆಡಲುಗಳ ನಡುವಣ ಅಂತರ ಅದರ ಕಿರಿದಾದ ಸೊಂಟಕ್ಕೆ ಸರಿಯೇ? ಹೊಂದುವ ಬಿಡಿಭಾಗಗಳು ಪೇಟೆಯಲ್ಲಿ ಸಿಗದೆಡೆ ಅವನ್ನೇ ಹೊಸದಾಗಿ ಮಾಡಿಸಿದರು. 2013ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ 'ವೂಮ್' ಕಂಪನಿಯದೂ ಇದೇ ಹಾದಿ. ಹೀಗೆ 20, 24 ಇಂಚಿನ ಚಕ್ರದ ಸೈಕಲ್ಲು ಎಂಟೊಂಬತ್ತು ಕಿಲೋಗೆ ಇಳಿಯಿತು. ತಡವೇಕಾಯಿತು ಎಂದು ಕೇಳಿದರೆ ಉತ್ತರ ಸರಳ: ಮಗು ಕೊಳ್ಳುವುದಿಲ್ಲ; ಕೊಳ್ಳುವವರು ಏರುವುದಿಲ್ಲ.

ಇದೇ ಅವಧಿಯಲ್ಲಿ ದೊಡ್ಡವರ ಲೋಕದಲ್ಲಿ ಇನ್ನೊಂದು ಪಲ್ಲಟವಾಯಿತು. ಕಲ್ಲುಬೇರುಗಳ ಮೇಲೆ ಸಲೀಸಾಗಿ ಉರುಳುವ 29 ಇಂಚಿನ ಚಕ್ರ ಮುಂದೆ ಬಂತು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ ಆ ಚಕ್ರದ ಮೇಲೆ ಚಿನ್ನ ಗೆದ್ದರು. ಕೆಲವೇ ವರ್ಷಗಳಲ್ಲಿ ವಯಸ್ಕರ ಹೊಸ ಮೌಂಟನ್ ಬೈಕುಗಳಿಂದ 26 ಇಂಚು ಹೆಚ್ಚುಕಡಿಮೆ ಕಣ್ಮರೆಯಾಯಿತು. ಆದರೆ ಅದು ಸಾಯಲಿಲ್ಲ. ಹತ್ತು ಹನ್ನೆರಡರ ಹರೆಯದ, 24 ಇಂಚನ್ನು ಮೀರಿ ಬೆಳೆದ, ದೊಡ್ಡವರ ಸೈಕಲ್ಲಿಗೆ ಇನ್ನೂ ಎಟುಕದ ಮಕ್ಕಳಿಗೆ 13-14 ಇಂಚಿನ ಸಣ್ಣ ಚೌಕಟ್ಟಿನಲ್ಲಿ ಆ ಚಕ್ರ ಹೇಳಿ ಮಾಡಿಸಿದಂತೆ ಒದಗಿತು. ಯಾರಿಗಾಗಿ ಹುಟ್ಟಿತ್ತೋ ಅವರ ಬಳಿಗೇ ಅದು ಹಿಂದಿರುಗಿತು, ಈ ಸಲ ಹುಸಿ ಟ್ಯಾಂಕಿನ ಭಾರವಿಲ್ಲದೆ.

ನಮ್ಮ ದೇಶದ ಕಥೆ ಇದಕ್ಕೆ ಸಮಾಂತರವಾಗಿ, ಆದರೆ ಬೇರೆ ಕಾರಣಗಳಿಂದ ನಡೆಯಿತು. ಸ್ವಾತಂತ್ರ್ಯಾನಂತರ ಮದರಾಸಿನ ಟಿಐ, ಸೋನಿಪತ್ತಿನ ಅಟ್ಲಾಸ್, ಲೂಧಿಯಾನದ ಹೀರೋ ಕಾರ್ಖಾನೆಗಳು ಎದ್ದಾಗ ಸೈಕಲ್ಲು ಇಡೀ ಕುಟುಂಬದ ಆಸ್ತಿಯಾಗಿತ್ತು. ಹಾಲಿನ ಕ್ಯಾನು, ಅಕ್ಕಿಮೂಟೆ, ಹೆಂಡತಿ ಮಕ್ಕಳು, ಎಲ್ಲವನ್ನೂ ಹೊರಬೇಕಾದ ಬಂಡಿ ಹಗುರವಾಗಿರುವುದು ಸಾಧ್ಯವಿರಲಿಲ್ಲ. ಮಗುವಿಗೆಂದೇ ಬೇರೊಂದನ್ನು ಕೊಳ್ಳುವ ಶಕ್ತಿ ಹೆಚ್ಚಿನವರಿಗೆ ಇರಲಿಲ್ಲ. ಒಳಪೆಡಲು ಹುಟ್ಟಿದ್ದು ಆ ಬಡತನದಿಂದ. ಆ ಬಳಿಕ ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಹಳ್ಳಿಯ ಹುಡುಗಿಗೆ ದೂರದ ಪ್ರೌಢಶಾಲೆ ಹತ್ತಿರವಾಯಿತು. ಮೊದಲ ಬಾರಿಗೆ ಮನೆಯ ಸೈಕಲ್ಲು ಅವಳ ಹೆಸರಿನದಾಯಿತು. ಲಕ್ಷಗಟ್ಟಲೆ ಸೈಕಲ್ಲುಗಳನ್ನು ಒಟ್ಟಿಗೆ ಕೊಳ್ಳುವಾಗ ಒಬ್ಬೊಬ್ಬರ ಕಾಲಳತೆ ನೋಡುವುದು ಸಾಧ್ಯವಿಲ್ಲದ ಮಾತು. ಒಡೆತನ ಮೊದಲು, ಅಳತೆ ಆಮೇಲೆ ಎಂಬ ಆ ಕ್ರಮವನ್ನು ಯಾರೂ ಆಕ್ಷೇಪಿಸಲಾರರು.

ಆದರೆ ಮುಂಬಯಿ, ಪುಣೆ, ಹೈದರಾಬಾದುಗಳ ವಸತಿ ಸಮುಚ್ಚಯಗಳಲ್ಲಿ ನೆಲೆನಿಂತಿರುವ ನಮಗೆ ಆ ನೆವವಿಲ್ಲ. ನಮ್ಮ ಕಟ್ಟಡಗಳ ನೆಲಮಾಳಿಗೆಗೆ ಒಮ್ಮೆ ಇಳಿದು ನೋಡಿ: ಕಂಬಗಳ ಪಕ್ಕ ಧೂಳು ಹಿಡಿದು, ಗಾಳಿ ಇಳಿದು ನಿಂತ ಮಕ್ಕಳ ಸೈಕಲ್ಲುಗಳ ಸಾಲು. ಅವುಗಳಲ್ಲಿ ಅನೇಕವನ್ನು ಕೊಂಡಾಗ ಆಡಿದ್ದು ಒಂದೇ ಮಾತು: "ಬೆಳೆಯೋ ಮಗು, ಒಂದು ಸೈಜು ದೊಡ್ಡದೇ ಇರಲಿ." ದೊಡ್ಡದಾಗಿ ಹೊಲಿಸಿದ ಅಂಗಿಯನ್ನು ಮಡಚಿ ತೊಡಬಹುದು, ದೊಡ್ಡ ಸೈಕಲ್ಲನ್ನು ಮಡಚಲಾಗದು. ಕಾಲು ನೆಲಕ್ಕೆ ಎಟುಕದ ಮಗು ಎರಡು ಬಾರಿ ಬೀಳುತ್ತದೆ, ಮೂರನೆಯ ಬಾರಿ ಏರುವುದೇ ಇಲ್ಲ. ಅದು ಮೈ ತುಂಬಿ ಆ ಅಳತೆಗೆ ಬರುವಷ್ಟರಲ್ಲಿ ಆಸೆ ಆರಿಹೋಗಿರುತ್ತದೆ.

ಈ ಚರಿತ್ರೆಯಿಂದ ಕಲಿಯಬಹುದಾದ ಪಾಠಗಳು ಕೆಲವೇ. ವಯಸ್ಸನ್ನಲ್ಲ, ಒಳಗಾಲಿನ ಉದ್ದವನ್ನು ಅಳೆಯಬೇಕು: ಮಗುವನ್ನು ಗೋಡೆಗೆ ಬೆನ್ನು ಹಚ್ಚಿ ಬರಿಗಾಲಲ್ಲಿ ನಿಲ್ಲಿಸಿ, ಕಾಲುಗಳ ನಡುವೆ ಪುಸ್ತಕವೊಂದನ್ನು ಒತ್ತಿಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ. ಸೈಕಲ್ಲಿನ ಮೇಲೆ ಕಾಲು ಚಾಚಿ ನಿಂತಾಗ ಅಡ್ಡಪಟ್ಟಿಗೂ ಮೈಗೂ ನಡುವೆ ಐದು ಸೆಂಟಿಮೀಟರಿನಷ್ಟಾದರೂ ತೆರವಿರಬೇಕು. ಪೆಡಲಿನ ದಂಡೆ ಮಗುವಿನ ಎತ್ತರದ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿದ್ದರೆ ಮಂಡಿಗೆ ಹಿತ. ಬ್ರೇಕನ್ನು ಮಗು ತನ್ನ ಬೆರಳಿನಿಂದಲೇ ಹಿಡಿದು ತೋರಿಸಬೇಕು. ಸ್ಪ್ರಿಂಗಿನ ಕೆಲಸವನ್ನು ಅಗಲವಾದ ಟೈರಿಗೆ ಬಿಟ್ಟು ಗಟ್ಟಿ ಫೋರ್ಕನ್ನೇ ಆರಿಸಬೇಕು. 1933ರ ಹೊಸತನದಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ಟೈರೊಂದೇ. ಅಂಗಡಿಯಲ್ಲಿ ಸೈಕಲ್ಲನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಬೇಕು, ಎತ್ತುವವರು ನಾವಲ್ಲ, ಮಗು. ಬೆಲೆ ಹೆಚ್ಚೆಂಬ ಅಳುಕಿಗೂ ಉತ್ತರವಿದೆ. ಹಗುರವಾದ ಒಳ್ಳೆಯ ಸೈಕಲ್ಲು ಎರಡು ವರ್ಷಕ್ಕೆ ಒಂದು ಮಗುವಿಗೆ ಚಿಕ್ಕದಾದರೆ ಇನ್ನೊಂದು ಮಗುವಿಗೆ ಸರಿಯಾಗುತ್ತದೆ. ಐಲಾಬೈಕ್ಸ್ 2023ರಲ್ಲಿ ಹೊಸ ಸೈಕಲ್ಲುಗಳ ತಯಾರಿಕೆ ನಿಲ್ಲಿಸುವುದಾಗಿ ಹೇಳಿತಾದರೂ, ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿಹೋಗುವ ಸೈಕಲ್ಲೆಂಬ ಅದರ ಆದರ್ಶ ನಮ್ಮ ನೆಲಮಾಳಿಗೆಗಳಿಗೂ ಅನ್ವಯಿಸುತ್ತದೆ.

ಒಳಪೆಡಲಿನಲ್ಲಿ ಕಲಿತ ನಾವು ಗಟ್ಟಿಗರೆಂದು ಹೇಳಿಕೊಳ್ಳುವುದುಂಟು. ಆದರೆ ಕಲಿಯಲಾಗದೆ ಬಿಟ್ಟವರು, ಬಿದ್ದು ಮತ್ತೆ ಏರದವರು, ಹುಡುಗಿಯೆಂದು ಹತ್ತಿರಕ್ಕೂ ಬಿಡಿಸಿಕೊಳ್ಳದವರು ಆ ಹೆಮ್ಮೆಯ ಕಥೆಯನ್ನು ಹೇಳಲು ಉಳಿದಿಲ್ಲ. ಅವರ ಲೆಕ್ಕವನ್ನೂ ಹಿಡಿದರೆ, ಮಗುವಿನ ಅಳತೆಯ ಸೈಕಲ್ಲು ಲೋಲುಪತೆಯ ವಸ್ತುವಾಗಿ ಕಾಣುವುದಿಲ್ಲ. ಬಹಳ ಹಿಂದೆಯೇ ಸಲ್ಲಬೇಕಿದ್ದ ಬಾಕಿಯಾಗಿ ಕಾಣುತ್ತದೆ.