ದಾವಣಗೆರೆ ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ವಿಷಯ ಆಯ್ಕೆ ಮತ್ತು ಸೆಮಿಸ್ಟರ್ ಯೋಜನೆ

ಪದವಿ ಕಾಲೇಜಿನ ವಿಷಯ ಆಯ್ಕೆ ಎಂದರೆ ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಮೊದಲಾದ ಪದವಿಗಳಿಗೆ ಸೇರುವ ವಿದ್ಯಾರ್ಥಿಯು ತಾನು ಓದಬೇಕಾದ ಐಚ್ಛಿಕ ವಿಷಯಗಳನ್ನೂ ಭಾಷೆಗಳನ್ನೂ ನಿರ್ಧರಿಸಿ, ಆರು ಸೆಮಿಸ್ಟರ್‌ಗಳ ವ್ಯಾಸಂಗವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವ ಪ್ರಕ್ರಿಯೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರುತ್ತವೆ. ನಿಯಮಾವಳಿಯಲ್ಲಿ ಆಯ್ಕೆಯ ಅವಕಾಶ ವಿಸ್ತಾರವಾಗಿದ್ದರೂ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ನಿಜವಾಗಿ ದೊರೆಯುವ ಆಯ್ಕೆಯನ್ನು ನಿರ್ಧರಿಸುವುದು ಬೋಧಕರ ಲಭ್ಯತೆ, ದಾಖಲಾದ ವಿದ್ಯಾರ್ಥಿಗಳ ಸಂಖ್ಯೆ ಮತ್ತು ಬಸ್ಸಿನ ವೇಳೆ.

ಹಿನ್ನೆಲೆ

ದಾವಣಗೆರೆ ಜಿಲ್ಲೆ 1997ರ ಆಗಸ್ಟ್ 15ರಂದು ರಚನೆಯಾಯಿತು. ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದಲೂ ಬಂದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ. ಈ ಭಾಗದ ಪದವಿ ಕಾಲೇಜುಗಳು ಮೊದಲು 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆರಂಭವಾದಾಗ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ವಿಶ್ವವಿದ್ಯಾಲಯದ ಮುಖ್ಯ ಆವರಣ ದಾವಣಗೆರೆ ಸಮೀಪದ ತೋಳಹುಣಸೆಯ ಶಿವಗಂಗೋತ್ರಿಯಲ್ಲಿದೆ.

ಹಿಂದಿನ ವ್ಯವಸ್ಥೆಯಲ್ಲಿ ವಿದ್ಯಾರ್ಥಿ ಆರಿಸಿಕೊಳ್ಳುತ್ತಿದ್ದುದು ಬಿಡಿ ವಿಷಯಗಳನ್ನಲ್ಲ, ಮೂರು ಐಚ್ಛಿಕ ವಿಷಯಗಳ ಒಂದು ಗುಂಪನ್ನು. ಇತಿಹಾಸ–ಅರ್ಥಶಾಸ್ತ್ರ–ರಾಜ್ಯಶಾಸ್ತ್ರ ಸೇರಿದರೆ ಎಚ್‌ಇಪಿ. ಭೌತಶಾಸ್ತ್ರ–ರಸಾಯನಶಾಸ್ತ್ರ–ಗಣಿತ ಸೇರಿದರೆ ಪಿಸಿಎಂ. ರಸಾಯನಶಾಸ್ತ್ರ–ಸಸ್ಯಶಾಸ್ತ್ರ–ಪ್ರಾಣಿಶಾಸ್ತ್ರ ಸೇರಿದರೆ ಸಿಬಿಜೆಡ್. ಇಂದಿಗೂ ಪೋಷಕರು ಮತ್ತು ಅಧ್ಯಾಪಕರು ಬಳಸುವುದು 'ಕಾಂಬಿನೇಷನ್' ಎಂಬ ಮಾತನ್ನೇ.

ಎರಡು ಪಠ್ಯಕ್ರಮಗಳು

ಕರ್ನಾಟಕ ಸರ್ಕಾರ 2021ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿ, 2021–22ನೇ ಸಾಲಿನಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಪದವಿ ವ್ಯಾಸಂಗವನ್ನು ಬದಲಾಯಿಸಿತು. ಮೂರು ಐಚ್ಛಿಕಗಳ ಬದಲು ಎರಡು ಮುಖ್ಯ ವಿಷಯಗಳು, ಎರಡು ಭಾಷೆಗಳು, ಕೌಶಲ ಪತ್ರಿಕೆಗಳು ಹಾಗೂ 'ಮುಕ್ತ ಆಯ್ಕೆ' ಪತ್ರಿಕೆ ಬಂದವು. ಮುಕ್ತ ಆಯ್ಕೆಯನ್ನು ತನ್ನ ಮುಖ್ಯ ವಿಷಯಗಳ ಹೊರಗಿನಿಂದ ತೆಗೆದುಕೊಳ್ಳಬೇಕಿತ್ತು. ಒಂದು ವರ್ಷ ಮುಗಿಸಿದರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂಬ ಏರ್ಪಾಡೂ ಇತ್ತು. ಕನ್ನಡವನ್ನು ಎಲ್ಲರಿಗೂ ಕಡ್ಡಾಯಗೊಳಿಸಿದ ಕ್ರಮವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲಾಯಿತು. 2022ರ ಏಪ್ರಿಲ್‌ನಲ್ಲಿ ಬಂದ ಮಧ್ಯಂತರ ಆದೇಶ, ವಿದ್ಯಾರ್ಥಿಗಳನ್ನು ಅದಕ್ಕೆ ಒತ್ತಾಯಿಸದಂತೆ ಸೂಚಿಸಿತು.

ಸರ್ಕಾರ ಬದಲಾದ ನಂತರ 2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯನ್ನು ಆಧರಿಸಿ 2024ರ ಮೇ ತಿಂಗಳಲ್ಲಿ ಹೊರಬಂದ ಆದೇಶವು 2024–25ನೇ ಸಾಲಿನಿಂದ ಮೂರು ವರ್ಷದ ಪದವಿಯನ್ನೂ ಮೂರು ಮುಖ್ಯ ವಿಷಯಗಳ ಪದ್ಧತಿಯನ್ನೂ ಮರಳಿ ತಂದಿತು. ಅದಕ್ಕೂ ಮೊದಲು ಸೇರಿದವರು ಹಳೆಯ ಪಠ್ಯಕ್ರಮದಲ್ಲೇ ಮುಂದುವರಿದರು. ಹೀಗಾಗಿ ಆ ವರ್ಷ ಒಂದೇ ಕಾಲೇಜಿನಲ್ಲಿ, ಒಂದೇ ಕೊಠಡಿಗಳಲ್ಲಿ ಎರಡು ಪಠ್ಯಕ್ರಮಗಳ ವೇಳಾಪಟ್ಟಿಗಳನ್ನು ಹೊಂದಿಸಬೇಕಾಯಿತು. ಮನೆಯಲ್ಲಿ ಅಣ್ಣನೋ ಅಕ್ಕನೋ ಓದಿದ ಪಠ್ಯಪುಸ್ತಕ ಮತ್ತು ಅವರ ಅನುಭವ ತಮ್ಮ ತಂಗಿಯರಿಗೆ ನೇರವಾಗಿ ಉಪಯೋಗವಾಗದ ಪರಿಸ್ಥಿತಿ ಇದರಿಂದ ಉಂಟಾಯಿತು. ಹಿರಿಯರ ಮಾತಿನ ಮೇಲೆಯೇ ವಿಷಯ ಆರಿಸುವ ಊರುಗಳಲ್ಲಿ ಇದು ಸಣ್ಣ ತೊಡಕಲ್ಲ.

ಕ್ರೆಡಿಟ್ ಮತ್ತು ವಾರದ ಹೊರೆ

ಸೆಮಿಸ್ಟರ್ ಯೋಜನೆಯ ಮೂಲ ಅಳತೆ ಕ್ರೆಡಿಟ್. ವಾರಕ್ಕೆ 1 ಗಂಟೆಯ ಪಾಠ ಅಥವಾ 2 ಗಂಟೆಯ ಪ್ರಯೋಗ ಸೇರಿ ಒಂದು ಕ್ರೆಡಿಟ್ ಆಗುತ್ತದೆ. 2021ರ ಪಠ್ಯಕ್ರಮದಲ್ಲಿ ವಿಜ್ಞಾನದ ಪ್ರತಿ ಮುಖ್ಯ ವಿಷಯಕ್ಕೂ ಪಾಠಕ್ಕೆ 4, ಪ್ರಯೋಗಕ್ಕೆ 2 ಕ್ರೆಡಿಟ್ ಇದ್ದವು. ಎರಡು ವಿಷಯಗಳಿಗೆ 8 ಗಂಟೆ ಪಾಠ ಮತ್ತು 8 ಗಂಟೆ ಪ್ರಯೋಗ, ಅಂದರೆ ಭಾಷೆ ಮತ್ತು ಮುಕ್ತ ಆಯ್ಕೆಯನ್ನು ಸೇರಿಸುವ ಮೊದಲೇ ವಾರಕ್ಕೆ 16 ಗಂಟೆ. ಪ್ರಯೋಗಾಲಯದ ತರಗತಿಗಳು ತಂಡಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ನಡೆಯುವುದರಿಂದ ಬಿ.ಎಸ್‌ಸಿ. ವಿದ್ಯಾರ್ಥಿ ಊರಿಗೆ ಮರಳುವುದು ಸಂಜೆಗೇ. ಬಿ.ಎ. ವಿದ್ಯಾರ್ಥಿಗೆ ಮಧ್ಯಾಹ್ನದ ಬಸ್ಸು ಸಿಗುವ ಸಾಧ್ಯತೆ ಹೆಚ್ಚು. ದೂರದ ಹಳ್ಳಿಯ ವಿದ್ಯಾರ್ಥಿಗಳು, ವಿಶೇಷವಾಗಿ ವಿದ್ಯಾರ್ಥಿನಿಯರು, ಅಂಕಗಳಿದ್ದೂ ವಿಜ್ಞಾನವನ್ನು ಬಿಡುವುದಕ್ಕೆ ಈ ಎರಡು ಮೂರು ಗಂಟೆಗಳ ವ್ಯತ್ಯಾಸವೂ ಒಂದು ಕಾರಣ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸುಗಳ ಪ್ರಯಾಣ ಮಹಿಳೆಯರಿಗೆ ಉಚಿತವಾಗಿದೆ; ಖಾಸಗಿ ಬಸ್ಸುಗಳಷ್ಟೇ ಓಡುವ ಮಾರ್ಗಗಳಲ್ಲಿ ಅದು ಅನ್ವಯಿಸುವುದಿಲ್ಲ.

ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಶೇ. 75 ಹಾಜರಾತಿ ಬೇಕು. ಚನ್ನಗಿರಿ ಅಡಿಕೆಯ ನಾಡು. ಭದ್ರಾ ನೀರಾವರಿಯ ಭಾಗಗಳಲ್ಲಿ ಭತ್ತ, ಜಗಳೂರಿನ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳ ಮತ್ತು ಶೇಂಗಾ ಮುಖ್ಯ ಬೆಳೆಗಳು. ಬೆಸ ಸಂಖ್ಯೆಯ ಸೆಮಿಸ್ಟರ್‌ಗಳು ನಡೆಯುವ ತಿಂಗಳುಗಳೇ ಅಡಿಕೆ ಮತ್ತು ಮುಂಗಾರು ಬೆಳೆಗಳ ಕೊಯ್ಲಿನ ತಿಂಗಳುಗಳೂ ಆಗಿವೆ. ಆದ್ದರಿಂದ ಕೃಷಿ ಕುಟುಂಬದ ವಿದ್ಯಾರ್ಥಿಯು ಬಿಟ್ಟುಹೋಗಬಹುದಾದ ದಿನಗಳನ್ನು ಸೆಮಿಸ್ಟರಿನ ಆರಂಭದಲ್ಲೇ ಎಣಿಸಿಕೊಳ್ಳುವುದು ಉಪಯುಕ್ತ. ವಾರಕ್ಕೆ 4 ತರಗತಿಗಳಿರುವ ಪತ್ರಿಕೆ 15 ವಾರ ನಡೆದರೆ ಒಟ್ಟು 60 ತರಗತಿಗಳಾಗುತ್ತವೆ. ಅವುಗಳಲ್ಲಿ ತಪ್ಪಿಸಬಹುದಾದವು 15 ಮಾತ್ರ.

ಬೋಧಕರು ಮತ್ತು ಲಭ್ಯ ಆಯ್ಕೆ

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಒಂದು ವಿಷಯ ಉಳಿಯುವುದು ಅದರ ಕಾರ್ಯಭಾರದ ಮೇಲೆ. ಸಾಕಷ್ಟು ವಿದ್ಯಾರ್ಥಿಗಳು ಸೇರದಿದ್ದರೆ ಬೋಧನಾ ಗಂಟೆಗಳು ಇಳಿಯುತ್ತವೆ; ಗಂಟೆಗಳು ಇಳಿದರೆ ಬೋಧಕರ ಹುದ್ದೆ ಬೇರೆಡೆಗೆ ಹೋಗಬಹುದು. ಮುಕ್ತ ಆಯ್ಕೆಗೆ ದೀರ್ಘ ಪಟ್ಟಿಯಿದ್ದರೂ ಸಣ್ಣ ಕಾಲೇಜು ಅದರಲ್ಲಿ ತನ್ನ ಬೋಧಕರು ನಡೆಸಬಲ್ಲ ಕೆಲವೇ ಪತ್ರಿಕೆಗಳನ್ನು ನೀಡಬಲ್ಲದು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಬೋಧನೆಯ ದೊಡ್ಡ ಪಾಲನ್ನು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ನಿರ್ವಹಿಸುತ್ತಿದ್ದಾರೆ. ಸೇವೆ ಕಾಯಂಗೊಳಿಸುವಂತೆ ಒತ್ತಾಯಿಸಿ ಅವರು 2023ರ ನವೆಂಬರ್‌ನಿಂದ ವಾರಗಟ್ಟಲೆ ತರಗತಿಗಳನ್ನು ಬಹಿಷ್ಕರಿಸಿದಾಗ ಇಡೀ ಸೆಮಿಸ್ಟರಿನ ಲೆಕ್ಕಾಚಾರ ಏರುಪೇರಾಯಿತು. ವಿಷಯದ ಹೆಸರು ಪ್ರವೇಶ ಪುಸ್ತಿಕೆಯಲ್ಲಿದೆಯೇ ಎಂಬುದರ ಜೊತೆಗೆ ಅದನ್ನು ಬೋಧಿಸುವವರು ಸೆಮಿಸ್ಟರಿನ ಮೊದಲ ವಾರದಿಂದಲೇ ಇರುತ್ತಾರೆಯೇ ಎಂಬುದನ್ನೂ ವಿಚಾರಿಸಬೇಕಾಗುತ್ತದೆ.

ಮುಂದಿನ ವ್ಯಾಸಂಗದ ಮೇಲಿನ ಪರಿಣಾಮ

ಮೊದಲ ಸೆಮಿಸ್ಟರಿನ ಆಯ್ಕೆ ಮೂರು ವರ್ಷಗಳ ನಂತರದ ಅರ್ಹತೆಯನ್ನು ನಿರ್ಧರಿಸುತ್ತದೆ. ಬಿ.ಎಡ್. ಪ್ರವೇಶಕ್ಕೆ ಶಾಲಾ ಬೋಧನೆಯ ವಿಷಯಗಳನ್ನು ಪದವಿಯಲ್ಲಿ ಓದಿರಬೇಕು. ಅದರಲ್ಲಿ ಎರಡು ಬೋಧನಾ ವಿಷಯಗಳಿರುತ್ತವೆ. ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲೂ ಐಚ್ಛಿಕ ವಿಷಯಗಳು ಮತ್ತು ಅವುಗಳ ಅಂಕಗಳನ್ನು ನೋಡಲಾಗುತ್ತದೆ. ಎಂ.ಎ., ಎಂ.ಎಸ್‌ಸಿ. ಪ್ರವೇಶಕ್ಕೆ ಆ ವಿಷಯ ಪದವಿಯಲ್ಲಿ ಮುಖ್ಯವಾಗಿರಬೇಕೆಂಬುದು ಸಾಮಾನ್ಯ ನಿಯಮ. ಮುಕ್ತ ಆಯ್ಕೆಯಾಗಿ ಓದಿದ 3 ಕ್ರೆಡಿಟ್‌ನ ಪತ್ರಿಕೆ ಇದಕ್ಕೆ ಸಾಲದು. ಶಿಕ್ಷಕ ವೃತ್ತಿಯೇ ಹೆಚ್ಚಿನವರ ಗುರಿಯಾಗಿರುವ ತಾಲ್ಲೂಕುಗಳಲ್ಲಿ ಸುಲಭವೆಂದು ಅಥವಾ ಗೆಳೆಯರು ಸೇರಿದರೆಂದು ಆರಿಸಿದ ಗುಂಪು ಪದವಿ ಮುಗಿದ ಮೇಲೆ ಬಾಗಿಲು ಮುಚ್ಚಬಹುದು.

ವಿಶ್ವವಿದ್ಯಾಲಯದ ಗಡಿ

ನ್ಯಾಮತಿ ತಾಲ್ಲೂಕಿನ ಸವಳಂಗದ ಕಡೆಯ ಹಳ್ಳಿಗಳಿಗೆ ದಾವಣಗೆರೆಗಿಂತ ಶಿವಮೊಗ್ಗವೇ ಹತ್ತಿರ. ಚನ್ನಗಿರಿಯ ನೈರುತ್ಯ ಭಾಗಕ್ಕೆ ಭದ್ರಾವತಿ ಹತ್ತಿರ. ಆದರೆ ಶಿವಮೊಗ್ಗ ಜಿಲ್ಲೆಯ ಕಾಲೇಜುಗಳು ಇಂದಿಗೂ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿರುವುದರಿಂದ ಅರ್ಧ ಗಂಟೆಯ ಪ್ರಯಾಣದ ಆಚೆ ಪ್ರಶ್ನೆಪತ್ರಿಕೆ, ಪರೀಕ್ಷಾ ದಿನಾಂಕ ಮತ್ತು ಫಲಿತಾಂಶ ಎಲ್ಲವೂ ಬೇರೆ. ನಡುವೆ ಕಾಲೇಜು ಬದಲಿಸಲು ಬಯಸುವವರು ಅನುಮತಿ ಪಡೆದು, ಓದಿದ ಪತ್ರಿಕೆಗಳ ಸಮಾನತೆಯನ್ನು ತೋರಿಸಬೇಕಾಗುತ್ತದೆ. ಜಗಳೂರಿನವರಿಗೆ ಈ ತೊಂದರೆ ಕಡಿಮೆ: ಅವರು ಹೋಗುವ ದಾವಣಗೆರೆ ಮತ್ತು ಚಿತ್ರದುರ್ಗ ಎರಡೂ ಒಂದೇ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ.

ನೋಂದಣಿ

ಪ್ರವೇಶ, ವಿಷಯ ಆಯ್ಕೆ, ಪರೀಕ್ಷಾ ಅರ್ಜಿ ಮತ್ತು ಫಲಿತಾಂಶಗಳು ಯುಯುಸಿಎಂಎಸ್ ಎಂಬ ರಾಜ್ಯದ ಏಕೀಕೃತ ತಂತ್ರಾಂಶದ ಮೂಲಕ ನಡೆಯುತ್ತವೆ. ವಿದ್ಯಾರ್ಥಿ ತನ್ನ ಖಾತೆಯಲ್ಲಿ ಆರಿಸಿದ ಗುಂಪನ್ನು ಕಾಲೇಜು ಪರಿಶೀಲಿಸಿ ಅನುಮೋದಿಸುತ್ತದೆ. ಹಲವರು ಈ ಅರ್ಜಿಯನ್ನು ಪೇಟೆಯ ಸೈಬರ್ ಅಂಗಡಿಗಳಲ್ಲಿ ತುಂಬಿಸುತ್ತಾರೆ; ಅಲ್ಲಿ ತಪ್ಪಾಗಿ ನಮೂದಾದ ಭಾಷೆ ಅಥವಾ ಪತ್ರಿಕೆ ಪರೀಕ್ಷಾ ಪ್ರವೇಶಪತ್ರದಲ್ಲಿ ಹಾಗೆಯೇ ಮೂಡುತ್ತದೆ. ಪ್ರವೇಶದ ಅವಧಿ ಮುಗಿಯುವ ಮೊದಲು ಕಾಲೇಜಿನ ಕಚೇರಿಯಲ್ಲಿ ಇದನ್ನು ತಿದ್ದಿಸುವುದು ಸುಲಭ. ಆ ನಂತರದ ತಿದ್ದುಪಡಿಗೆ ವಿಶ್ವವಿದ್ಯಾಲಯದ ಅನುಮತಿ ಬೇಕಾಗಬಹುದು. ಗಳಿಸಿದ ಕ್ರೆಡಿಟ್‌ಗಳನ್ನು ದಾಖಲಿಸಲು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2021ರಲ್ಲಿ ಜಾರಿಗೆ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಪ್ರತಿ ವಿದ್ಯಾರ್ಥಿಗೂ 12 ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ.