ಗಾಯಾಳುವಿಗಿಂತ ಮೊದಲು ಬರಬೇಕಾದ ಸುದ್ದಿ

ಗಾಯಗೊಂಡವರನ್ನು ಬೇಗ ಆಸ್ಪತ್ರೆಗೆ ತಲುಪಿಸಿದರೆ ಜೀವ ಉಳಿಯುತ್ತದೆ ಎಂಬುದು ಅರ್ಧ ಸತ್ಯ ಮಾತ್ರ. ಗಾಡಿ ಬಾಗಿಲಿಗೆ ಬಂದಾಗ ಒಳಗೆ ಶಸ್ತ್ರವೈದ್ಯರಿಲ್ಲ, ಕೊಡಲು ರಕ್ತವಿಲ್ಲ ಎಂದಾದರೆ ದಾರಿಯಲ್ಲಿ ಉಳಿಸಿದ ನಿಮಿಷಗಳು ಹೊಸ್ತಿಲಲ್ಲೇ ಸೋರಿಹೋಗುತ್ತವೆ. ಗಾಯಾಳುವಿಗಿಂತ ಮೊದಲು ಸುದ್ದಿ ಬರಬೇಕು. ಇಷ್ಟು ಸರಳ ಸಂಗತಿ ಅಮೆರಿಕದಂಥ ಸಿರಿವಂತ ದೇಶದಲ್ಲಿ ಕಾರ್ಯರೂಪಕ್ಕೆ ಬರಲು ನೂರು ವರ್ಷ ಹಿಡಿಯಿತು.

ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆ 1869ರಲ್ಲಿ ಕುದುರೆಗಾಡಿಯ ಆಂಬುಲೆನ್ಸ್ ಸೇವೆ ಆರಂಭಿಸಿತು. ಅಂತರ್ಯುದ್ಧದ ಕಾಲದಲ್ಲಿ ಸೇನಾ ವೈದ್ಯರಾಗಿದ್ದ ಎಡ್ವರ್ಡ್ ಡಾಲ್ಟನ್ ಅದರ ರೂವಾರಿ. ಗಾಡಿ ಬೇಕೆಂಬ ಕರೆ ತಂತಿಯ ಮೂಲಕ ಬರುತ್ತಿತ್ತು, ಗಾಡಿಯಲ್ಲಿ ವೈದ್ಯರೂ ಹೋಗುತ್ತಿದ್ದರು. ಆದರೆ ಒಮ್ಮೆ ಹೊರಟಿತೆಂದರೆ ಗಾಡಿಗೂ ಆಸ್ಪತ್ರೆಗೂ ನಂಟು ಕಡಿದಂತೆಯೇ. ಮರಳಿ ಬರುವಾಗ ಒಳಗೆ ಯಾರಿದ್ದಾರೆ, ಏನಾಗಿದೆ ಎಂಬುದು ಬಂದ ಮೇಲಷ್ಟೇ ಗೊತ್ತಾಗುತ್ತಿತ್ತು.

ಕುದುರೆ ಹೋಗಿ ಮೋಟಾರು ಬಂದರೂ ಈ ಮೌನ ಮುರಿಯಲಿಲ್ಲ. 1930ರ ದಶಕದಲ್ಲೇ ಪೊಲೀಸ್ ಕಾರುಗಳಿಗೆ ರೇಡಿಯೊ ಬಂದಿತ್ತು. ಕಳ್ಳನ ಸುದ್ದಿಗಿದ್ದ ಅವಸರ ಗಾಯಾಳುವಿನ ಸುದ್ದಿಗೆ ಇರಲಿಲ್ಲವೆನ್ನಬೇಕು. 1965ರ ಒಂದೇ ವರ್ಷದಲ್ಲಿ ಅಲ್ಲಿ 1,07,000 ಮಂದಿ ಅಪಘಾತಗಳಿಗೆ ಬಲಿಯಾದರು. ಮರುವರ್ಷ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಹೊರತಂದ ವರದಿ ದೇಶದ ಕಣ್ಣು ತೆರೆಸಿತು. ಆಂಬುಲೆನ್ಸ್ ಸೇವೆಯ ಸುಮಾರು ಅರ್ಧಪಾಲು ಶವಸಂಸ್ಕಾರದ ವ್ಯವಹಾರ ನಡೆಸುವವರ ಕೈಯಲ್ಲಿತ್ತು. ಮನುಷ್ಯನನ್ನು ಮಲಗಿಸಿ ಒಯ್ಯಬಲ್ಲ ವಾಹನ ಅವರಲ್ಲಿದ್ದುದೇ ಇದಕ್ಕೆ ಕಾರಣ! ಗಗನಯಾತ್ರಿಗಳೊಂದಿಗೆ ಮಾತಾಡಬಲ್ಲ ದೇಶದಲ್ಲಿ ಆಂಬುಲೆನ್ಸು ತಾನು ಹೋಗುತ್ತಿರುವ ಆಸ್ಪತ್ರೆಯೊಂದಿಗೆ ಮಾತಾಡುವುದು ಅಪರೂಪ ಎಂದು ವರದಿ ಚುಚ್ಚಿತು. ಅದೇ ಹೊತ್ತಿಗೆ ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತ ಹೆಲಿಕಾಪ್ಟರಿನಿಂದ ರೇಡಿಯೊ ಸುದ್ದಿ ಮುಂದಾಗಿ ಹೋಗುತ್ತಿತ್ತು.

ಆಮೇಲೆ ನಡೆದದ್ದು ಸ್ವಾರಸ್ಯಕರ. ಕ್ಯಾಲಿಫೋರ್ನಿಯಾದಲ್ಲಿ 1970ರ ಕಾನೂನೊಂದು ತರಬೇತಾದ ಅಗ್ನಿಶಾಮಕ ಸಿಬ್ಬಂದಿಗೆ ಚುಚ್ಚುಮದ್ದು ಕೊಡುವ ಅಧಿಕಾರ ನೀಡಿತು. ಆದರೆ ಆಸ್ಪತ್ರೆಯಲ್ಲಿರುವ ವೈದ್ಯರ ಇಲ್ಲವೇ ನರ್ಸ್ ಅವರ ಅಪ್ಪಣೆ ಬೇಕಿತ್ತು. ಅಪ್ಪಣೆ ಕೇಳಲೆಂದೇ ರೇಡಿಯೊ ಬೇಕಾಯಿತು. ಅಪ್ಪಣೆ ಕೇಳಬೇಕಾದರೆ ರೋಗಿಯ ಸ್ಥಿತಿ ಹೇಳಲೇಬೇಕಲ್ಲವೇ? ಹೀಗೆ ವೈದ್ಯರ ಹಿಡಿತಕ್ಕಾಗಿ ಬಂದ ಸಾಧನ ಮುನ್ಸೂಚನೆಯ ಸಾಧನವೂ ಆಯಿತು.

ಈ ಮುನ್ಸೂಚನೆ ಅರ್ಧ ನಿಮಿಷದ ಮಾತು: ವಯಸ್ಸು, ಪೆಟ್ಟಾದ ಬಗೆ, ನಾಡಿ, ರಕ್ತದೊತ್ತಡ, ಕೊಟ್ಟ ಚಿಕಿತ್ಸೆ, ಇನ್ನೆಷ್ಟು ನಿಮಿಷ. ಪೆಟ್ಟಾದ ಬಗೆಗೆ ವಿಶೇಷ ಬೆಲೆ. ಸ್ಟಿಯರಿಂಗ್ ಚಕ್ರ ಎದೆಗೆ ಒತ್ತಿದೆ ಎಂದರೆ ಮೈಮೇಲೆ ಗಾಯ ಕಾಣದಿದ್ದರೂ ಒಳಗೆ ರಕ್ತ ಸುರಿಯುತ್ತಿರಬಹುದು. ಸುದ್ದಿ ಬಂದೊಡನೆ ರಕ್ತನಿಧಿಗೆ ಕರೆ ಹೋಗುತ್ತದೆ. ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ಎಕ್ಸ್‌ರೇ ಸಿಬ್ಬಂದಿ ಹಾಸಿಗೆಯ ಸುತ್ತ ಸೇರಿರುತ್ತಾರೆ.

ತೊಡಕೂ ಇದೆ. ಸಣ್ಣಪುಟ್ಟ ಗಾಯಕ್ಕೆಲ್ಲ ತಂಡವನ್ನು ಓಡಿಸಿದರೆ ವಾರ್ಡಿನ ಇತರ ರೋಗಿಗಳಿಗೆ ವೈದ್ಯರಿಲ್ಲದಂತಾಗುತ್ತದೆ. ಎಚ್ಚರಿಕೆ ಕೊಡದೆ ಬಿಟ್ಟ ಒಬ್ಬರು ಸಾಯಲೂಬಹುದು. ಆದ್ದರಿಂದ ಹಲವು ಆಸ್ಪತ್ರೆಗಳು ಕರೆಯನ್ನು ಎರಡು ಹಂತವಾಗಿ ವಿಂಗಡಿಸಿಕೊಂಡಿವೆ: ಒಂದಕ್ಕೆ ಪೂರ್ಣ ತಂಡ, ಇನ್ನೊಂದಕ್ಕೆ ಚಿಕ್ಕ ತಂಡ. ಅನುಮಾನವಿದ್ದರೆ ದೊಡ್ಡದನ್ನೇ ಕರೆಯುವುದು ವಾಡಿಕೆ.