ನೋವಿಗೂ ಒಂದು ಪರವಾನಗಿ

ಕಾನೂನು ಕಳ್ಳರಿಗೆಂದು ಬೀಸಿದ ಬಲೆಯಲ್ಲಿ ಬಡಪಾಯಿಗಳು ಸಿಕ್ಕಿಬೀಳುವುದು ಚರಿತ್ರೆಯಲ್ಲಿ ಹೊಸತೇನಲ್ಲ. ಅಂತಹ ಒಂದು ಪ್ರಸಂಗವನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ನಿವೇದಿಸುತ್ತಿದ್ದೇನೆ.

ಅಫೀಮಿನಿಂದ ತೆಗೆಯುವ ಮಾರ್ಫೀನ್ ಕ್ಯಾನ್ಸರ್ ರೋಗಿಗಳ ತೀವ್ರ ನೋವಿಗೆ ಬಹು ಪರಿಣಾಮಕಾರಿಯಾದ ಔಷಧ. ಬೆಲೆ ಅಗ್ಗ, ಮಾತ್ರೆಯಾದ್ದರಿಂದ ರೋಗಿಯು ಮನೆಯಲ್ಲಿಯೇ ಸೇವಿಸಬಹುದು. ಅದಕ್ಕೆ ಬೇಕಾದ ಅಫೀಮನ್ನು ನಮ್ಮ ದೇಶದಲ್ಲಿಯೇ ಸರ್ಕಾರದ ಪರವಾನಗಿ ಪಡೆದ ರೈತರು ಬೆಳೆಯುತ್ತಾರೆ. ಘಾಜೀಪುರ ಮತ್ತು ನೀಮಚ್‌ಗಳಲ್ಲಿ ಸರ್ಕಾರಿ ಕಾರ್ಖಾನೆಗಳಿವೆ.

1985ರಲ್ಲಿ ಮಾದಕ ವಸ್ತುಗಳ ಕಾಯಿದೆ ಬಂದಿತು. ಆಗ ಬಹುತೇಕ ಅಪರಾಧಗಳಿಗೆ ಕನಿಷ್ಠ 10 ವರ್ಷಗಳ ಕಠಿಣ ಸಜೆಯಿತ್ತು. ರಾಜ್ಯಗಳ ನಿಯಮಾವಳಿಗಳಂತೆ ಔಷಧವನ್ನು ತರಿಸಲು, ಸಾಗಿಸಲು, ಇಟ್ಟುಕೊಳ್ಳಲು ಬೇರೆ ಬೇರೆ ಪರವಾನಗಿ ಬೇಕಿತ್ತು. ಎಲ್ಲವೂ ಏಕಕಾಲಕ್ಕೆ ಊರ್ಜಿತವಾಗಿರಬೇಕಿತ್ತು. ಈ ತೊಡಕಿಗೆ ಅಂಜಿ ಅಂಗಡಿಯವರು ಅದನ್ನು ಇಡುವುದನ್ನೇ ಬಿಟ್ಟರು, ವೈದ್ಯರು ಬರೆಯುವುದನ್ನೇ ಮರೆತರು. ವಿಶ್ವ ಆರೋಗ್ಯ ಸಂಸ್ಥೆಯು ಕ್ಯಾನ್ಸರ್ ನೋವಿಗೆ ಮಾರ್ಫೀನ್ ಕೊಡುವ ಕ್ರಮವನ್ನು ಜಗತ್ತಿಗೆ ಸಾರಿದ್ದು ಮರುವರ್ಷವೇ, 1986ರಲ್ಲಿ! 1997ರ ವೇಳೆಗೆ ಇಡೀ ಭಾರತದ ವಾರ್ಷಿಕ ಬಳಕೆ ಸುಮಾರು 18 ಕಿಲೋಗ್ರಾಮಿಗೆ ಇಳಿದಿತ್ತು.

ಆ ದಶಕದಲ್ಲಿ ಗುಬ್ಬಿ ತಾಲ್ಲೂಕಿನ ನಮ್ಮ ಬಂಧುವೊಬ್ಬರು ಹಾಸಿಗೆ ಹಿಡಿದಿದ್ದರು. ತುಮಕೂರಿನ ಅಂಗಡಿಗಳಲ್ಲೆಲ್ಲ ಇಲ್ಲವೆಂಬ ಉತ್ತರ. ಮಗ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕೆಲವು ದಿನಗಳ ಮಾತ್ರೆ ತರುತ್ತಿದ್ದ. ಅದು ಮುಗಿದು ಮುಂದಿನದು ಬರುವ ತನಕದ ರಾತ್ರಿಗಳನ್ನು ಆ ಮನೆಯವರು ಮರೆತಿಲ್ಲ. ಕುಣಿಗಲ್ ಕಡೆಯ ಕುಟುಂಬಗಳ ಪಾಡೂ ಭಿನ್ನವಾಗಿರಲಿಲ್ಲ.

ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾದ ಟ್ರಸ್ಟಿನ 'ಕರುಣಾಶ್ರಯ'ವು ರೋಗಿಗಳ ಮನೆಗೇ ಹೋಗಿ ಶುಶ್ರೂಷೆ ಮಾಡುವ ಮಾದರಿಯನ್ನು ನಾಡಿಗೆ ತೋರಿಸಿತು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮೊದಲಾದವರ ದೀರ್ಘ ಹೋರಾಟದ ಫಲವಾಗಿ 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. 2015ರ ನಿಯಮಗಳಂತೆ ರಾಜ್ಯದ ಔಷಧ ನಿಯಂತ್ರಕರೊಬ್ಬರ ಮಾನ್ಯತೆ ಪಡೆದ ಆಸ್ಪತ್ರೆಗೆ ಆ ಹಲವು ಪರವಾನಗಿಗಳ ಗೋಜಿಲ್ಲ.

ಕಾಯಿದೆ ಸಡಿಲಗೊಂಡರೂ ಮೂರು ದಶಕಗಳ ಅಂಜಿಕೆ ಒಂದು ಸಹಿಯಿಂದ ಅಳಿಯದು. ಮಾನ್ಯತೆ ಕೇಳುವ ಆಸ್ಪತ್ರೆ ಬೇಕು, ತರಬೇತಿ ಪಡೆದ ವೈದ್ಯರು ಬೇಕು, ಹಳ್ಳಿಯ ಮನೆಯವರೆಗೆ ನಡೆದು ಬರುವ ದಾದಿಯರು ಬೇಕು. ನನ್ನ ಶಿಷ್ಯರಲ್ಲಿ ವೈದ್ಯರೂ ಔಷಧ ವ್ಯಾಪಾರಿಗಳೂ ಇದ್ದೀರಿ. ನಿಮ್ಮ ಊರಿನಲ್ಲಿ ಈ ಮಾತ್ರೆ ದೊರೆಯುತ್ತದೆಯೇ ಎಂದು ಒಮ್ಮೆ ವಿಚಾರಿಸಿರಿ. ಇಲ್ಲವಾದರೆ ಏಕಿಲ್ಲವೆಂದು ಕೇಳಿರಿ.